ಮಲೆನಾಡಿನಲ್ಲಿ ರಿವಾಲ್ವರ್, ಪಿಸ್ತೂಲಿಗೆ ಬಿಡಿ ಸಾಮಾನು: ಯಾವುದಕ್ಕೆ ದುಡ್ಡು ಹಾಕಬೇಕು, ಯಾವುದಕ್ಕೆ ಬೇಡ

ಲೈಸೆನ್ಸ್ ಸಿಕ್ಕಿ, ರಿವಾಲ್ವರ್ ಮನೆಗೆ ಬಂದ ತಿಂಗಳೊಳಗೆ ಅದಕ್ಕೆ ಇನ್ನೇನಾದರೂ ಹಾಕಿಸೋಣ ಅನ್ನುವ ಆಸೆ ಶುರುವಾಗುತ್ತದೆ. ರಬ್ಬರ್ ಗ್ರಿಪ್, ಲೇಸರ್, ಹಗುರ ಸ್ಪ್ರಿಂಗ್, ಆರೂ ತೋಟಾ ಒಮ್ಮೆಗೇ ತುಂಬಿಸುವ ಸ್ಪೀಡ್ ಲೋಡರ್ ಎಲ್ಲವೂ ಆನ್‌ಲೈನ್‌ನಲ್ಲಿ ಕಣ್ಣಿಗೆ ಬೀಳುತ್ತವೆ. ಅವುಗಳಲ್ಲಿ ಹೆಚ್ಚಿನವು ಅಮೆರಿಕದ ಮಾರುಕಟ್ಟೆಗೆ, ಅಲ್ಲಿನ ಬಂದೂಕುಗಳ ಅಳತೆಗೆ ಮಾಡಿದವು. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯ ಮನೆಯಲ್ಲಿ ಕೈಬಂದೂಕನ್ನು ಹಾಳು ಮಾಡುವುದು ತೇವ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿ.ಮೀ. ದಾಟಿ ಮಳೆ ಸುರಿಯುತ್ತದೆ. ಆರಿದ್ರಾ ಮಳೆ ಹಿಡಿದರೆ ಮಘೆ ಮಳೆ ಮುಗಿಯುವವರೆಗೂ ಬೀರುವಿನೊಳಗಿನ ಬಟ್ಟೆಯೇ ಒಣಗುವುದಿಲ್ಲ. ಹಾಗಾಗಿ ಇಲ್ಲಿ ಯಾವ ಸಾಮಾನನ್ನೂ ಒಂದೇ ಪ್ರಶ್ನೆಯಿಂದ ಅಳೆಯಬೇಕು: ಇದು ಬಂದೂಕನ್ನು ಒಣಗಿಸಿ, ಭದ್ರವಾಗಿಟ್ಟು, ಗುರಿ ಕಾಣುವಂತೆ ಮಾಡುತ್ತದೆಯೇ, ಅಥವಾ ನೀರು ನಿಲ್ಲಲು ಇನ್ನೊಂದು ಸಂದಿ ಮಾಡಿಕೊಡುತ್ತದೆಯೇ?

ಮೊದಲು ಕೈಯಲ್ಲಿರುವುದು ಯಾವುದೆಂದು ಖಚಿತ ಮಾಡಿಕೊಳ್ಳಿ

ನಮ್ಮ ಕಡೆ ಹೆಚ್ಚಾಗಿ ಕಾಣುವುದು ಕಾನ್ಪುರದ ಸರ್ಕಾರಿ ಕಾರ್ಖಾನೆಯ .32 ರಿವಾಲ್ವರ್. ವೆಬ್ಲಿ ಮಾದರಿಯದು, ಮೇಲಿನ ಚಿಲಕ ಒತ್ತಿದರೆ ನಳಿಗೆ ಮುಂದಕ್ಕೆ ಬಾಗಿ ಸಿಲಿಂಡರ್ ತೆರೆದುಕೊಳ್ಳುತ್ತದೆ, ಆರು ತೋಟಾ ಹಿಡಿಯುತ್ತದೆ. 2014ರಲ್ಲಿ ಬಂದ ನಿರ್ಭೀಕ್ ಟೈಟಾನಿಯಂ ಮಿಶ್ರಲೋಹದ್ದು, ಸುಮಾರು 500 ಗ್ರಾಂ. 2023ರಲ್ಲಿ ಬಂದ ಪ್ರಬಲ್ ಸಿಲಿಂಡರ್ ಪಕ್ಕಕ್ಕೆ ತೆರೆಯುವ ಮಾದರಿ, 76 ಮಿ.ಮೀ. ನಳಿಗೆ, ಸುಮಾರು 700 ಗ್ರಾಂ. ಪಿಸ್ತೂಲಿನಲ್ಲಿ .32ರ ಅಶನಿ, ಚಿಕ್ಕದರಲ್ಲಿ .22ರ ನಿಡರ್ ರಿವಾಲ್ವರ್ ಇವೆ.

ನಿಡರ್ ಬಿಟ್ಟು ಉಳಿದ ಎಲ್ಲವಕ್ಕೂ ".32" ಎಂದೇ ಕರೆದರೂ ರಿವಾಲ್ವರ್‌ನ ತೋಟಾ ಬೇರೆ, ಪಿಸ್ತೂಲಿನ ತೋಟಾ ಬೇರೆ. ರಿವಾಲ್ವರ್‌ದು .32 ಸ್ಮಿತ್ ಅಂಡ್ ವೆಸನ್ ಲಾಂಗ್, ಕೇಸಿನ (ಮದ್ದು ತುಂಬಿದ ಲೋಹದ ಕೊಳವೆ) ಉದ್ದ ಸುಮಾರು 23 ಮಿ.ಮೀ. ಪಿಸ್ತೂಲಿನದು 7.65 ಬ್ರೌನಿಂಗ್, ಸುಮಾರು 17 ಮಿ.ಮೀ. ಪಿಸ್ತೂಲಿನ ತೋಟಾಕ್ಕೂ ಸಣ್ಣ ಅಂಚು ಇರುವುದರಿಂದ ಅದು ಕೆಲವು ರಿವಾಲ್ವರ್‌ಗಳ ಸಿಲಿಂಡರ್‌ನಲ್ಲಿ ಕೂತುಬಿಡುತ್ತದೆ. ಆದರೆ ಅದರ ಒತ್ತಡ ಹೆಚ್ಚು. ಹಳೆಯ ಬಾಗುವ ರಿವಾಲ್ವರ್‌ನಲ್ಲಿ ಹಾರಿಸಿದರೆ ಚಿಲಕ ಸಡಿಲವಾಗುತ್ತದೆ. ಸ್ನ್ಯಾಪ್ ಕ್ಯಾಪ್ (ಅಭ್ಯಾಸದ ನಕಲಿ ತೋಟಾ), ಲೋಡರ್, ತೋಟಾ ಸಿಕ್ಕಿಸುವ ಪಟ್ಟಿ ಕೊಳ್ಳುವಾಗಲೂ ".32 ಕೊಡಿ" ಅಂದರೆ ಸಾಲದು. ಪೂರ್ತಿ ಹೆಸರು ಹೇಳಿ.

ಯಾವ ಕೆಲಸಕ್ಕೂ ಮೊದಲು

ತೋಟಾಗಳನ್ನು ಬೇರೆ ಕೋಣೆಯಲ್ಲಿಡಿ. ರಿವಾಲ್ವರ್ ಆದರೆ ತೆರೆದು, ಸಿಲಿಂಡರಿನ ಆರೂ ಕೋಣೆ (ತೋಟಾ ಕೂರುವ ತೂತು) ಖಾಲಿ ಇರುವುದನ್ನು ಕಣ್ಣಲ್ಲಿ ನೋಡಿ, ಬೆರಳಲ್ಲಿ ಮುಟ್ಟಿ ನೋಡಿ. ಪಿಸ್ತೂಲಾದರೆ ಮೊದಲು ಮ್ಯಾಗಜಿನ್ ತೆಗೆಯಿರಿ, ಆಮೇಲೆ ಸ್ಲೈಡ್ (ಮೇಲಿನ ಜಾರುವ ಭಾಗ) ಎಳೆಯಿರಿ. ಈ ಕ್ರಮ ತಿರುಗುಮುರುಗಾದರೆ ಸ್ಲೈಡ್ ಎಳೆದಾಗ ಹೊರಬಿದ್ದ ತೋಟಾದ ಜಾಗಕ್ಕೆ ಮ್ಯಾಗಜಿನ್‌ನಿಂದ ಇನ್ನೊಂದು ಹತ್ತುತ್ತದೆ. ಮ್ಯಾಗಜಿನ್ ಕೈಗೆ ಬಂದ ಮೇಲೆ ಬಂದೂಕು ಖಾಲಿ ಎಂದು ನಂಬಿ ಕುದುರೆ (ಟ್ರಿಗರ್) ಎಳೆದವರಿಂದಲೇ ಬಹಳ ಅನಾಹುತ ಆಗಿವೆ.

ಮುಂದಿನ ಸೈಟ್‌ಗೆ ಬಣ್ಣ: ಅತಿ ಕಡಿಮೆ ಖರ್ಚಿನ, ಅತಿ ಉಪಯೋಗದ ಕೆಲಸ

ಅಡಿಕೆ ತೋಟದ ನೆರಳಲ್ಲಿ, ಮಳೆಗಾಲದ ಮಧ್ಯಾಹ್ನ ಮೂರು ಗಂಟೆಗೂ ಮಬ್ಬು. ಗುರಿ ನೋಡುವ ಕಪ್ಪು ಸೈಟ್, ಕಪ್ಪು ಹಿನ್ನೆಲೆ, ಏನೂ ಕಾಣುವುದಿಲ್ಲ. ಇದಕ್ಕೆ ಲೇಸರ್ ಬೇಕಿಲ್ಲ. ಒಂದು ಬಿಳಿ, ಒಂದು ಹೊಳೆಯುವ ಕಿತ್ತಳೆ ಅಥವಾ ಎಳೆ ಹಸಿರು ನೇಲ್ ಪಾಲಿಶ್, ಒಂದು ಬಣ್ಣವಿಲ್ಲದ ಪಾಲಿಶ್, ಸ್ವಲ್ಪ ಐಸೊಪ್ರೊಪೈಲ್ ಆಲ್ಕೊಹಾಲ್, ಮಾಸ್ಕಿಂಗ್ ಟೇಪ್, ನಾಲ್ಕೈದು ಹಲ್ಲುಕಡ್ಡಿ ಸಾಕು.

1. ಮಳೆ ನಿಂತ, ಬಿಸಿಲು ಬಂದ ದಿನ ಮಾಡಿ. ತೇವದ ಗಾಳಿಯಲ್ಲಿ ಪಾಲಿಶ್ ಹಾಲಿನಂತೆ ಮಬ್ಬಾಗಿ ಕೂರುತ್ತದೆ, ಹಿಡಿಯುವುದೂ ಇಲ್ಲ.
2. ಸೈಟ್‌ನ ಹಿಂಬದಿ, ಅಂದರೆ ನಿಮ್ಮ ಕಣ್ಣಿಗೆ ಕಾಣುವ ಮುಖವನ್ನು ಆಲ್ಕೊಹಾಲ್ ಅದ್ದಿದ ಬಟ್ಟೆಯಿಂದ ಮೂರು ಸಲ ಒರೆಸಿ. ಬಟ್ಟೆಗೆ ಎಣ್ಣೆಯ ಗುರುತು ಬರುವುದು ನಿಲ್ಲಬೇಕು. ಬಣ್ಣ ಕಿತ್ತು ಬರುವುದಕ್ಕೆ ಮುಕ್ಕಾಲು ಪಾಲು ಕಾರಣ ಉಳಿದ ಎಣ್ಣೆ.
3. ಎರಡೂ ಬದಿಗೆ ಟೇಪ್ ಹಚ್ಚಿ. ಮೇಲಿನ ಅಂಚಿಗೆ ಬಣ್ಣ ತಾಗಕೂಡದು. ಆ ಅಂಚು ಚೂಪಾಗಿದ್ದರೆ ಮಾತ್ರ ಎತ್ತರದ ಗುರಿ ಸರಿ ಸಿಗುತ್ತದೆ.
4. ಮೇಲಿನ ಮೂರನೇ ಎರಡು ಭಾಗಕ್ಕೆ ಬಿಳಿ ಒಂದು ಪದರ, ತೆಳ್ಳಗೆ. ಅರ್ಧ ಗಂಟೆ ಬಿಡಿ. ಬಿಳಿ ಇಲ್ಲದೆ ನೇರ ಕಿತ್ತಳೆ ಹಚ್ಚಿದರೆ ಕಪ್ಪು ಉಕ್ಕು ಬಣ್ಣವನ್ನು ನುಂಗುತ್ತದೆ.
5. ಕಿತ್ತಳೆ ಎರಡು ಪದರ, ನಡುವೆ ಅರ್ಧ ಗಂಟೆ. ಕೊನೆಗೆ ಬಣ್ಣವಿಲ್ಲದ ಪಾಲಿಶ್ ಒಂದು ಪದರ. ಒಂದು ರಾತ್ರಿ ಮುಟ್ಟಬೇಡಿ.

ಹಿಂದಿನ ಸೈಟ್‌ಗೆ ಬಣ್ಣ ಬೇಡ. ಎರಡೂ ಹೊಳೆದರೆ ಕಣ್ಣು ಎರಡರ ನಡುವೆ ಓಡಾಡುತ್ತದೆ. ಸೈಟ್ ಅರದಿಂದ ಉಜ್ಜಿ ಒರಟು ಮಾಡಲೂಬೇಡಿ, ಬ್ಲೂಯಿಂಗ್ (ತುಕ್ಕು ತಡೆಯಲು ಉಕ್ಕಿಗೆ ಕೊಟ್ಟ ನೀಲಿಗಪ್ಪು ಮೈ) ಹೋದ ಜಾಗದಲ್ಲಿ ಮೊದಲ ಮಳೆಗೇ ತುಕ್ಕು ಹತ್ತುತ್ತದೆ. ಬಣ್ಣ ಬೇಡವೆನಿಸಿದರೆ ನೇಲ್ ಪಾಲಿಶ್ ರಿಮೂವರ್‌ನಲ್ಲಿ ಎರಡು ನಿಮಿಷಕ್ಕೆ ಹೋಗುತ್ತದೆ, ಬಂದೂಕಿಗೆ ಏನೂ ಆಗಿರುವುದಿಲ್ಲ. ಹೀಗೆ ವಾಪಸ್ ಪಡೆಯಲು ಬರುವ ಬದಲಾವಣೆಯನ್ನೇ ಮಾಡಬೇಕು ಅನ್ನುವುದು ನಮ್ಮ ಖಚಿತ ಅಭಿಪ್ರಾಯ.

ಗ್ರಿಪ್

ಕಾರ್ಖಾನೆಯ ಗ್ರಿಪ್ ಸಣ್ಣದು, ನುಣುಪು, ಒದ್ದೆ ಕೈಯಲ್ಲಿ ಜಾರುತ್ತದೆ ಎಂಬ ದೂರು ನಿಜ. ಪರಿಹಾರಗಳಲ್ಲಿ ಒಳ್ಳೆಯದೂ ಇದೆ, ಅಪಾಯದ್ದೂ ಇದೆ.

ಮೇಲಿಂದ ಎಳೆದು ಹಾಕುವ ರಬ್ಬರ್ ತೊಗಲು, ಸೈಕಲ್ ಟ್ಯೂಬ್ ಕತ್ತರಿಸಿ ಹಾಕುವ ಪಟ್ಟಿ: ಎರಡಕ್ಕೂ ಹಿಡಿತ ಚೆನ್ನಾಗಿದೆ. ಆದರೆ ಬೆವರು, ಮಳೆನೀರು ರಬ್ಬರ್‌ನಡಿ ಇಳಿದರೆ ಹೊರಬರುವುದಿಲ್ಲ. ಎರಡು ವಾರ ಬಿಟ್ಟು ಎತ್ತಿ ನೋಡಿದರೆ ಹಿಡಿಯ ಚೌಕಟ್ಟಿನ ಮೇಲೆ ಕೆಂಪು ಗೆರೆ ಎದ್ದಿರುತ್ತದೆ. ಇನ್ನೊಂದು ಅಪಾಯ ಪಿಸ್ತೂಲಿನದು. ಹಿಡಿಯ ಹಿಂಬದಿಯಲ್ಲಿ, ಅಂಗೈ ಒತ್ತಿದಾಗ ಮಾತ್ರ ಬಿಡುವ ಗ್ರಿಪ್ ಸೇಫ್ಟಿ ಇರುವ ಪಿಸ್ತೂಲಿಗೆ ರಬ್ಬರ್ ತೊಗಲು ಹಾಕಿದರೆ ಅದು ಸೇಫ್ಟಿಯನ್ನು ಸದಾ ಒತ್ತಿ ಹಿಡಿಯುತ್ತದೆ. ಹೊರಗಿನಿಂದ ಏನೂ ಗೊತ್ತಾಗುವುದಿಲ್ಲ. ಸೇಫ್ಟಿ ಮಾತ್ರ ಇಲ್ಲವಾಗಿರುತ್ತದೆ. ಅಂಥ ಪಿಸ್ತೂಲಿಗೆ ಇದು ಬೇಡವೇ ಬೇಡ.

ಮರದ ಗ್ರಿಪ್ ನಮ್ಮ ಕಡೆ ಚೆನ್ನಾಗಿ ಮಾಡಿಸಬಹುದು. ಸಾಗರ, ಸೊರಬದ ಗುಡಿಗಾರರ ಕೈಗೆ ಇಂಥ ಸಣ್ಣ ಕೆಲಸ ಹೊಸದಲ್ಲ. ಮಾದರಿಗೆ ಹಳೆಯ ಗ್ರಿಪ್ ಮಾತ್ರ ಕೊಡಿ. ಬಂದೂಕನ್ನು ಲೈಸೆನ್ಸ್ ಇಲ್ಲದವರ ಅಂಗಡಿಯಲ್ಲಿ ಬಿಟ್ಟು ಬರುವಂತಿಲ್ಲ. ಚೆನ್ನಾಗಿ ಒಣಗಿದ ಹಳೆಯ ಸಾಗುವಾನಿ, ಅಥವಾ ಹಳೆಯ ಪೀಠೋಪಕರಣದಿಂದ ಉಳಿದ ಬೀಟೆ ತುಂಡು ಒಳ್ಳೆಯದು. ಹಸಿ ಮರದಲ್ಲಿ ಮಾಡಿಸಿದರೆ ಬೇಸಿಗೆಯಲ್ಲಿ ಸ್ಕ್ರೂ ತೂತಿನ ಸುತ್ತ ಬಿರುಕು ಖಂಡಿತ. ಮಾಡಿಸುವಾಗ ನೋಡಬೇಕಾದದ್ದು:

ಹಲಗೆಯ ಒಳಮೈ ಚೌಕಟ್ಟಿಗೆ ಪೂರ್ತಿ ಕೂರಬೇಕು. ಕೂತ ಮೇಲೆ ಅಂಚಿನಲ್ಲಿ ಸುಮಾರು ಅರ್ಧ ಮಿ.ಮೀ. ಸಡಿಲವಿರಲಿ, ಮಳೆಗಾಲದಲ್ಲಿ ಮರ ಉಬ್ಬುವುದಕ್ಕೆ ಜಾಗ ಬೇಕು. ಒಳಮೈ, ಸ್ಕ್ರೂ ತೂತಿನ ಒಳಗೋಡೆ ಎರಡಕ್ಕೂ ಬೇಯಿಸಿದ ಅಗಸೆ ಎಣ್ಣೆ ಮೂರು ಸಲ, ಒಂದೊಂದಕ್ಕೆ ಎರಡು ದಿನದ ಅಂತರ. ಹೊರಗೆ ಮಾತ್ರ ಪಾಲಿಶ್ ಮಾಡಿ ಒಳಗೆ ಬಿಟ್ಟರೆ ಮರ ಒಂದೇ ಕಡೆಯಿಂದ ನೀರು ಕುಡಿದು ಸೊಟ್ಟಗಾಗುತ್ತದೆ. ಸ್ಕ್ರೂ ಬೆರಳ ತುದಿಯ ಬಲಕ್ಕೆ ಬಿಗಿಯಾದ ಮೇಲೆ ಕಾಲು ಸುತ್ತು, ಅಷ್ಟೇ. ಹಾಕಿದ ನಂತರ ಖಾಲಿ ಬಂದೂಕಿನಲ್ಲಿ ಕುದುರೆ ಪೂರ್ತಿ ಹಿಂದೆ ಬರುತ್ತದೆಯೇ, ಮೇಲಿನ ಚಿಲಕ ತಡೆಯಿಲ್ಲದೆ ಆಡುತ್ತದೆಯೇ, ತೆರೆದಾಗ ಖಾಲಿ ಕೇಸು ಗ್ರಿಪ್‌ಗೆ ತಾಗದೆ ಬೀಳುತ್ತದೆಯೇ ನೋಡಿ. ಒಂದೂ ತಪ್ಪಿದರೆ ಗ್ರಿಪ್ ದಪ್ಪವಾಯಿತು. ಮೂಲ ಗ್ರಿಪ್, ಮೂಲ ಸ್ಕ್ರೂ ಎಂದಿಗೂ ಎಸೆಯಬೇಡಿ.

ಬರೀ ಜಾರುವುದೊಂದೇ ತೊಂದರೆಯಾಗಿದ್ದರೆ ಮೆಟ್ಟಿಲಿಗೆ ಅಂಟಿಸುವ ಮರಳುಮೈ ಟೇಪ್ ಎರಡು ತುಂಡು, ಗ್ರಿಪ್ ಹಲಗೆಯ ಮೇಲೆ ಮಾತ್ರ, ಉಕ್ಕಿನ ಮೇಲಲ್ಲ. ಬಟ್ಟೆಯನ್ನು ಉಜ್ಜುತ್ತದೆ ಅನ್ನುವುದು ಬಿಟ್ಟರೆ ಬೇರೆ ದೋಷವಿಲ್ಲ.

ಹೋಲ್ಸ್ಟರ್

2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಸಾರ್ವಜನಿಕ ಸ್ಥಳದಲ್ಲಿ ಕೈಬಂದೂಕು ಹೋಲ್ಸ್ಟರ್ ಅಥವಾ ಅಂಥದೇ ಚೀಲದಲ್ಲಿ, ಪೂರ್ತಿ ಮುಚ್ಚಿಕೊಂಡು, ನಿಮ್ಮ ಹಿಡಿತದಲ್ಲೇ ಇರಬೇಕು. ಹಾಗಾಗಿ ಅಡಿಕೆ ಮಂಡಿಗೆ ಹೋಗಿ ದುಡ್ಡು ತರುವ ದಿನ ಪ್ಯಾಂಟಿನ ಜೇಬಿಗೆ ಹಾಕಿಕೊಂಡು ಹೋಗುವುದು ಅಪಾಯವೂ ಹೌದು, ತಪ್ಪೂ ಹೌದು. ಒಳ್ಳೆಯ ಹೋಲ್ಸ್ಟರ್‌ಗೆ ಹಾಕಿದ ದುಡ್ಡು ದಂಡವಲ್ಲ.

ತೊಗಲಿನದು ಮೈಗೆ ಹಿತ, ಆದರೆ ನೀರು ಕುಡಿಯುತ್ತದೆ. ಹದ ಮಾಡಿದ ತೊಗಲಿನಲ್ಲಿ ಉಳಿದ ಆಮ್ಲ, ಲವಣ ತೇವದ ಜೊತೆ ಸೇರಿ ಬ್ಲೂಯಿಂಗ್ ತಿನ್ನುತ್ತವೆ. ತೊಗಲಿನ ಹೋಲ್ಸ್ಟರ್ ಧರಿಸುವುದಕ್ಕೆ, ಇಡುವುದಕ್ಕಲ್ಲ. ಮನೆಗೆ ಬಂದ ಕೂಡಲೇ ಬಂದೂಕು ಹೊರತೆಗೆಯಿರಿ. ಬೂಷ್ಟು ಹಿಡಿದರೆ ಹೊರಗೆ ತಂದು ಒಣ ಬಟ್ಟೆಯಲ್ಲಿ ಒರೆಸಿ, ಐಸೊಪ್ರೊಪೈಲ್ ಮತ್ತು ನೀರು ಸಮಸಮ ಬೆರೆಸಿ ತೆಳ್ಳಗೆ ಒರೆಸಿ, ನೆರಳಲ್ಲಿ ಗಾಳಿಗೆ ಒಣಗಿಸಿ. ಒಲೆಯ ಮೇಲಿನ ಅಟ್ಟದಲ್ಲಿಟ್ಟರೆ ತೊಗಲು ಗಡುಸಾಗಿ ಆಕಾರ ಕೆಡುತ್ತದೆ. ಕೈಡೆಕ್ಸ್ ಎಂಬ ಗಟ್ಟಿ ಪ್ಲಾಸ್ಟಿಕ್ಕಿನದು ನೀರು ಕುಡಿಯುವುದಿಲ್ಲ, ಮಲೆನಾಡಿಗೆ ನಮ್ಮ ಮೊದಲ ಆಯ್ಕೆ ಅದೇ. ನಿಮ್ಮ ಮಾದರಿಗೇ ಅಚ್ಚು ಮಾಡಿದ್ದಾಗಿರಬೇಕು. ಮೆತ್ತನೆಯ ನೈಲಾನ್ ಚೀಲ ಬೇಡ, ಒತ್ತಿದರೆ ಬಟ್ಟೆಯ ಮೇಲಿಂದಲೇ ಕುದುರೆ ಕೈಗೆ ಸಿಗುತ್ತದೆ.

ಪರೀಕ್ಷೆ ಹೀಗೆ, ಎಲ್ಲವೂ ಖಾಲಿ ಬಂದೂಕಿನಲ್ಲಿ. ಹೋಲ್ಸ್ಟರ್‌ನೊಳಗೆ ಹಾಕಿ ಹೊರಗಿನಿಂದ ಕುದುರೆಯ ಜಾಗ ಹೆಬ್ಬೆರಳಲ್ಲಿ ಬಲವಾಗಿ ಒತ್ತಿ, ಏನೂ ಅಲುಗಬಾರದು. ಪಟ್ಟಿ ಹಾಕಿ, ಹಾಸಿಗೆಯ ಮೇಲೆ ತಲೆಕೆಳಗು ಹಿಡಿದು ಜೋರಾಗಿ ಅಲ್ಲಾಡಿಸಿ. ಜೀಪಿನ ಸೀಟಿನಲ್ಲಿ ಕೂತು, ಬೈಕ್ ಹತ್ತಿ ಇಳಿದು ನೋಡಿ. ಕೊನೆಯದಾಗಿ, ರೇನ್‌ಕೋಟ್ ಹಾಕಿಕೊಂಡು ಒಳಗೆ ಸೇರಿಸಿ ನೋಡಿ. ರೇನ್‌ಕೋಟ್ ಸೊಂಟದ ದಾರ, ಅದರ ತುದಿಯ ಪ್ಲಾಸ್ಟಿಕ್ ಗುಂಡಿ ಕುದುರೆಯ ಬಳೆಯೊಳಗೆ ನುಸುಳಿ, ಬಂದೂಕನ್ನು ಕೆಳಗೆ ತಳ್ಳಿದಾಗ ಕುದುರೆ ಎಳೆದು ಈಡು ಹಾರುವುದು ಎಲ್ಲೆಡೆ ಗೊತ್ತಿರುವ ಅಪಘಾತ. ಆ ದಾರವನ್ನು ಇಂದೇ ಕತ್ತರಿಸಿ ಹಾಕಿ.

ಒಂದು ಎಚ್ಚರಿಕೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 31ನೇ ಸೆಕ್ಷನ್ ಪ್ರಕಾರ ಲಿಖಿತ ಅನುಮತಿಯಿಲ್ಲದೆ ಆಯುಧ ಹಿಡಿದು ಅಭಯಾರಣ್ಯದೊಳಗೆ ಹೋಗುವಂತಿಲ್ಲ. ಶೆಟ್ಟಿಹಳ್ಳಿ, ಶರಾವತಿ ಕಣಿವೆ, ಸೋಮೇಶ್ವರ ಎಲ್ಲ ನಮ್ಮ ದಿನನಿತ್ಯದ ಓಡಾಟದ ಆಸುಪಾಸಿನಲ್ಲೇ ಇವೆ. ಲೈಸೆನ್ಸ್ ಇದ್ದರೂ ಈ ನಿಯಮ ತಪ್ಪುವುದಿಲ್ಲ.

ಸ್ನ್ಯಾಪ್ ಕ್ಯಾಪ್

ಮದ್ದಿಲ್ಲದ ಈ ನಕಲಿ ತೋಟಾ ಆರು ಕೊಳ್ಳಿ. ತೋಟಾಕ್ಕೆ ಲೈಸೆನ್ಸ್‌ನಲ್ಲಿ ಮಿತಿಯಿದೆ, ಬೆಲೆಯೂ ಹೆಚ್ಚು. ದಿನಕ್ಕೆ ಹತ್ತು ನಿಮಿಷ ಖಾಲಿ ಕುದುರೆ ಎಳೆಯುವ ಅಭ್ಯಾಸ ಕೊಡುವ ಫಲ ಯಾವ ಲೇಸರ್ರೂ ಕೊಡುವುದಿಲ್ಲ. ಕಲ್ಲಿನ ಗೋಡೆಗೆ ಗುರಿಯಿಟ್ಟು, ಮುಂದಿನ ಸೈಟ್ ಅಲುಗದಂತೆ ನಿಧಾನ ಎಳೆಯಿರಿ. ನಳಿಗೆಯ ತುದಿಯಲ್ಲಿ ಒಂದು ರೂಪಾಯಿ ನಾಣ್ಯ ನಿಲ್ಲಿಸಿ, ಬೀಳದಂತೆ ಇಪ್ಪತ್ತು ಸಲ ಎಳೆಯಲು ಬಂದರೆ ಕೈ ಹದಕ್ಕೆ ಬಂತು. .22 ನಿಡರ್‌ಗೆ ಸ್ನ್ಯಾಪ್ ಕ್ಯಾಪ್ ಇನ್ನೂ ಮುಖ್ಯ: ರಿಮ್‌ಫೈರ್ (ತೋಟಾದ ಅಂಚಿಗೆ ಬಡಿದು ಹೊತ್ತಿಸುವ ಮಾದರಿ) ಆದ್ದರಿಂದ ಖಾಲಿ ಹೊಡೆದರೆ ಸೂಜಿ (ಫೈರಿಂಗ್ ಪಿನ್) ಕೋಣೆಯ ಅಂಚಿಗೇ ಬಡಿದು ಗಾಯ ಮಾಡುತ್ತದೆ, ಆಮೇಲೆ ತೋಟಾ ಸಲೀಸಾಗಿ ಒಳಗೆ ಕೂರುವುದಿಲ್ಲ. ನಿಜವಾದ ತೋಟಾ ಬಿಚ್ಚಿ ನಕಲಿ ಮಾಡುವ ಉಸಾಬರಿ ಖಂಡಿತ ಬೇಡ. ತೋಟಾದ ಭಾಗಗಳೂ ಕಾನೂನಿನಲ್ಲಿ ಮದ್ದುಗುಂಡೇ.

ನಿಜವಾದ ಈಡು ಹಾರಿಸುವುದು ಶೂಟಿಂಗ್ ರೇಂಜ್‌ನಲ್ಲಿ, ಅಥವಾ ಜಿಲ್ಲಾ ಪೊಲೀಸರು ನಡೆಸುವ ನಾಗರಿಕ ಬಂದೂಕು ತರಬೇತಿಯಲ್ಲಿ. ಅಲ್ಲಿಗೆ ಕಿವಿಗೆ ಮಫ್, ಕಣ್ಣಿಗೆ ಕನ್ನಡಕ ನಿಮ್ಮದೇ ಇರಲಿ. ಗಿಡ್ಡ ನಳಿಗೆಯ .32ರ ಸದ್ದು 140 ಡೆಸಿಬೆಲ್ ಮೀರುತ್ತದೆ. ಒಂದೇ ಈಡಿಗೂ ಕಿವಿ ಹಾಳಾಗಬಹುದು.

ಲೋಡರ್, ಮ್ಯಾಗಜಿನ್, ಲೈಟ್, ಸ್ಪ್ರಿಂಗ್

ಸ್ಪೀಡ್ ಲೋಡರ್ ವಿದೇಶಿ ಸಿಲಿಂಡರ್‌ನ ಅಳತೆಗಿರುತ್ತದೆ. ಕೊಳ್ಳುವ ಮೊದಲು ಸ್ನ್ಯಾಪ್ ಕ್ಯಾಪ್ ತುಂಬಿ ಹಾಕಿ ನೋಡಿ. ಆರೂ ಒಟ್ಟಿಗೆ ಇಳಿಯದಿದ್ದರೆ ಬೇಡ. ಬಾಗುವ ರಿವಾಲ್ವರ್‌ಗೆ ತೋಟಾ ಪಟ್ಟಿ ಸಾಕು. ಪಿಸ್ತೂಲಿಗೆ ಎರಡನೇ ಮ್ಯಾಗಜಿನ್ ಮಾತ್ರ ನಿಜಕ್ಕೂ ಬೇಕು, ಏಕೆಂದರೆ ಸಿಕ್ಕಿಕೊಳ್ಳುವ ತೊಂದರೆಗೆ ಮೊದಲ ಕಾರಣ ಸೊಟ್ಟಗಾದ ಮ್ಯಾಗಜಿನ್ ತುಟಿ. ಲೈಸೆನ್ಸ್ ತೋರಿಸಿ ಡೀಲರ್ ಹತ್ತಿರವೇ ಕೊಳ್ಳಿ.

ಕುದುರೆಯ ಬಳೆಗೆ ಕಚ್ಚಿಸುವ ಲೈಟ್, ಲೇಸರ್ ಬೇಡ. ಅದರ ಸ್ವಿಚ್ ಹುಡುಕುವ ಬೆರಳು ಕುದುರೆಯ ಹತ್ತಿರವೇ ಇರುತ್ತದೆ, ಹೋಲ್ಸ್ಟರ್ ಹೊಂದುವುದಿಲ್ಲ, ಮಳೆಗಾಲ ಮುಗಿಯುವಷ್ಟರಲ್ಲಿ ಬ್ಯಾಟರಿಯ ಕೊನೆ ಹಸಿರುಗಟ್ಟುತ್ತದೆ. ರಾತ್ರಿ ನಾಯಿ ಬೊಗಳಿದರೆ ಏನೆಂದು ನೋಡಲು ಲೈಟ್ ಬೇಕು, ಆದರೆ ನೋಡುವ ವಸ್ತುವಿನ ಕಡೆಗೆಲ್ಲ ಬಂದೂಕು ತಿರುಗಿಸುವಂತಿಲ್ಲ. ಎಡಗೈಯಲ್ಲಿ ಒಳ್ಳೆಯ ಟಾರ್ಚ್ ಹಿಡಿಯಿರಿ.

ಹಗುರ ಸ್ಪ್ರಿಂಗ್ ಕಿಟ್ ಬೇಡ. ಮುಖ್ಯ ಸ್ಪ್ರಿಂಗ್ ಸಡಿಲವಾದರೆ ಸೂಜಿಯಿಂದ ತೋಟಾದ ಬುಡದ, ಕಿಡಿ ಹೊತ್ತಿಸುವ ಪ್ರೈಮರ್‌ಗೆ ಬೀಳುವ ಏಟು ಸಾಲದೆ ಟಕ್ ಎಂದು ಸುಮ್ಮನಾಗುತ್ತದೆ. ಅದೂ ರೇಂಜ್‌ನಲ್ಲಲ್ಲ, ಬೇಕಾದ ದಿನವೇ. ರಿಪೇರಿ, ಮಾರ್ಪಾಡು ಲೈಸೆನ್ಸ್ ಇರುವ ಗನ್‌ಸ್ಮಿತ್‌ಗಳ ಕೆಲಸ. ನಳಿಗೆ ಕತ್ತರಿಸುವುದು, ನಂಬರ್ ಇರುವ ಜಾಗದಲ್ಲಿ ತೂತು ಕೊರೆಯುವುದು ಅಪರಾಧ. ಸೈಲೆನ್ಸರ್ ಅಂತೂ 1959ರ ಶಸ್ತ್ರಾಸ್ತ್ರ ಕಾಯ್ದೆಯ ವ್ಯಾಖ್ಯಾನದಲ್ಲೇ ಬಂದೂಕು. ಅದರ ಸುದ್ದಿಗೇ ಹೋಗಬೇಡಿ.

ಒಣಗಿಸಿ ಇಡುವ ಸಾಮಾನು

ಬಜೆಟ್‌ನ ಅರ್ಧ ಇಲ್ಲಿಗೆ ಮೀಸಲಿಡಿ. ಬೇಕಾದದ್ದು: ರಬ್ಬರ್ ಅಂಚಿನ ಮುಚ್ಚಳವಿರುವ, ಗಾಳಿಯಾಡದ 5ರಿಂದ 10 ಲೀಟರ್ ಪ್ಲಾಸ್ಟಿಕ್ ಡಬ್ಬಿ, ತೇವ ಹೀರಿ ಬಣ್ಣ ಬದಲಾಗುವ ಸಿಲಿಕಾ ಜೆಲ್ 100 ಗ್ರಾಂ, ಗಾಳಿಯ ತೇವ ಅಳೆಯುವ ಸಣ್ಣ ಡಿಜಿಟಲ್ ಹೈಗ್ರೋಮೀಟರ್, ತುಕ್ಕು ತಡೆಯುವ ವಿ.ಸಿ.ಐ. ಚೀಲ, .32 ಅಳತೆಯ ಕಂಚಿನ ಬ್ರಷ್ ಮತ್ತು ಕಡ್ಡಿ, ಗನ್ ಆಯಿಲ್, ಹಳೆಯ ಪಂಚೆಯ ತುಂಡು. ಡಬ್ಬಿಯನ್ನು ಬೀಗವಿರುವ ಉಕ್ಕಿನ ಲಾಕರ್‌ನೊಳಗಿಡಿ. ಬರೀ ಬೀರುವಿನಲ್ಲಿ ಸಿಲಿಕಾ ಇಟ್ಟರೆ ಸಂದಿಯಿಂದ ಬರುವ ತೇವಕ್ಕೆ ಎರಡೇ ದಿನದಲ್ಲಿ ಸೋಲುತ್ತದೆ. ಮುಚ್ಚಿದ ಡಬ್ಬಿಯಲ್ಲಿ ತಿಂಗಳುಗಟ್ಟಲೆ ಬರುತ್ತದೆ. ಒಳಗೆ ಸ್ಪಂಜು ಇರುವ ಚೆಂದದ ಪೆಟ್ಟಿಗೆ ಬೇಡ, ಸ್ಪಂಜು ನೀರು ಹಿಡಿದುಕೊಂಡು ಬಂದೂಕಿಗೇ ಒತ್ತಿಕೊಂಡಿರುತ್ತದೆ.

ಹೈಗ್ರೋಮೀಟರ್ 50 ಶೇಕಡದ ಕೆಳಗಿರಲಿ. 55 ದಾಟಿದರೆ ಸಿಲಿಕಾವನ್ನು ದಪ್ಪ ಕಾವಲಿಯಲ್ಲಿ ಸಣ್ಣ ಉರಿಯಲ್ಲಿ, ಮೂಲ ಬಣ್ಣ ಮರಳುವವರೆಗೆ ಕೈಯಾಡಿಸಿ ಬಿಸಿ ಮಾಡಿ. ಓವನ್ ಇದ್ದರೆ 110 ಡಿಗ್ರಿಯಲ್ಲಿ ಎರಡು ಗಂಟೆ. ಆ ಕಾವಲಿ ಮತ್ತೆ ಅಡುಗೆಗೆ ಬೇಡ.

ಮಳೆಗಾಲದಲ್ಲಿ ವಾರಕ್ಕೊಮ್ಮೆ ತೆರೆದು, ಒರೆಸಿ, ಎಣ್ಣೆಯ ಬಟ್ಟೆ ಆಡಿಸಿ. ಎಣ್ಣೆ ಕೈಗೆ ಹತ್ತಿದಷ್ಟೇ ಸಾಕು, ಹರಿಯಬಾರದು. ಹೆಚ್ಚಾದ ಎಣ್ಣೆ ತೋಟಾದ ಪ್ರೈಮರ್‌ಗೆ ಇಳಿದರೆ ಅದು ಸಾಯುತ್ತದೆ. ತೆಂಗಿನೆಣ್ಣೆ ಬೇಡ, ಹಳತಾಗಿ ಅಂಟುಗಟ್ಟುತ್ತದೆ. ಡಬ್ಲ್ಯೂಡಿ-40 ನೀರು ಓಡಿಸಲು ಸರಿ, ಆಮೇಲೆ ಒರೆಸಿ ಗನ್ ಆಯಿಲ್ ಹಚ್ಚಲೇಬೇಕು. ಅಡಿಕೆ ಸುಲಿಯುವ, ಬೇಯಿಸುವ ದಿನಗಳಲ್ಲಿ ಇನ್ನೊಂದು ಜಾಗ್ರತೆ: ಚೊಗರು ಅಂಟಿದ ಕೈಯಲ್ಲಿ ಬಂದೂಕು ಮುಟ್ಟಿದರೆ ಅದರ ಟ್ಯಾನಿನ್ ಕಬ್ಬಿಣದ ಜೊತೆ ಸೇರಿ ನೀಲಿಗಪ್ಪು ಬೆರಳಚ್ಚು ಮೂಡುತ್ತದೆ, ಬ್ಲೂಯಿಂಗ್ ತೆಳುವಾದ ಅಂಚುಗಳಲ್ಲಿ ಆ ಕಲೆ ಒರೆಸಿದರೂ ಹೋಗುವುದಿಲ್ಲ. ಸೋಪಿನಲ್ಲಿ ಕೈ ತೊಳೆದು, ಒಣಗಿಸಿಯೇ ಮುಟ್ಟಿ.

ಚುನಾವಣೆಗೆ ಬಂದೂಕು ಠೇವಣಿ ಇಡುವಾಗ

ಚುನಾವಣೆ ಘೋಷಣೆಯಾಗಿ ಆದೇಶ ಬಂದರೆ ಬಂದೂಕು ಠಾಣೆಗೋ ಡೀಲರ್‌ಗೋ ಹೋಗಿ ವಾರಗಟ್ಟಲೆ ಕೂರುತ್ತದೆ. ಅಲ್ಲಿ ವಾರಕ್ಕೊಮ್ಮೆ ಒರೆಸುವವರು ಯಾರೂ ಇರುವುದಿಲ್ಲ. ಕೊಡುವ ಹಿಂದಿನ ದಿನ ನಳಿಗೆ, ಆರೂ ಕೋಣೆ ಬ್ರಷ್ ಮಾಡಿ, ಒಣ ಬಟ್ಟೆ, ನಂತರ ಎಣ್ಣೆಯ ಬಟ್ಟೆ ಆಡಿಸಿ. ಮರದ ಗ್ರಿಪ್ ಕಳಚಿ ಮೂಲ ಗ್ರಿಪ್ ಹಾಕಿ. ರಬ್ಬರ್ ತೊಗಲು, ಹೋಲ್ಸ್ಟರ್ ಮನೆಯಲ್ಲೇ ಇರಲಿ. ವಿ.ಸಿ.ಐ. ಚೀಲದೊಳಗೆ 10 ಗ್ರಾಂ ಸಿಲಿಕಾ ಪೊಟ್ಟಣ ಸೇರಿಸಿ, ಮುಚ್ಚುವ ಮೊದಲು ನಂಬರ್ ತೋರಿಸಿ ರಸೀದಿ ಬರೆಸಿಕೊಳ್ಳಿ. ಪಿಸ್ತೂಲಾದರೆ ಮ್ಯಾಗಜಿನ್ ಎಷ್ಟು ಅನ್ನುವುದೂ ರಸೀದಿಯಲ್ಲಿರಲಿ. ವಾಪಸ್ ಬಂದ ದಿನ ತೋಟಾ ಹಾಕುವ ಮುಂಚೆ ನಳಿಗೆಯ ಒಂದು ತುದಿಗೆ ಬಿಳಿ ಕಾಗದ ಹಿಡಿದು, ಟಾರ್ಚ್ ಬಿಟ್ಟು, ಇನ್ನೊಂದು ತುದಿಯಿಂದ ನೋಡಿ. ಎಣ್ಣೆ ಉಳಿದಿದ್ದರೆ ಒಣ ಬಟ್ಟೆಯಿಂದ ತೆಗೆಯಿರಿ, ಕೆಂಪು ಚುಕ್ಕೆ ಕಂಡರೆ ಎಣ್ಣೆ ಹಚ್ಚಿ ಒಂದು ರಾತ್ರಿ ಬಿಟ್ಟು ಕಂಚಿನ ಬ್ರಷ್‌ನಿಂದ ಉಜ್ಜಿ. ಮೂರು ಸಲ ಉಜ್ಜಿದರೂ ಗುಳಿ ಉಳಿದರೆ ಗನ್‌ಸ್ಮಿತ್‌ಗೆ ತೋರಿಸುವವರೆಗೆ ಈಡು ಹಾರಿಸಬೇಡಿ.